ಮಗ್ಗ ಮುಟ್ಟದ ದಿನದ ನೋವು

ಗದ್ವಾಲದಲ್ಲಿ ನಾನಿರುವ ಬಾಡಿಗೆ ಕೋಣೆಯಿಂದ ಕಚೇರಿಗೆ ಹೋಗುವ ಹಾದಿಯಲ್ಲಿ ನೇಕಾರರ ಓಣಿಯೊಂದು ಸಿಗುತ್ತದೆ. ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಲ್ಲಿ ಮಗ್ಗಕ್ಕೆ ಉದ್ದಕ್ಕೆ ಹಾಯಿಸುವ ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಡಹೆಂಡತಿ ಇಬ್ಬರು ಆಚೀಚೆ ನಿಂತು ಕುಂಚದಿಂದ ಗಂಜಿ ಹಚ್ಚುತ್ತಿದ್ದರು. ಹುಳಿ ಬಂದ ಗಂಜಿಯ ವಾಸನೆ. ಅದು ಮೂಗಿಗೆ ಬಿದ್ದದ್ದೇ ತಡ, ನಾನು ನಾರಾಯಣಪೇಟೆಯ ನಮ್ಮ ಎದುರುಮನೆಯ ಕಟ್ಟೆಯ ಮೇಲೆ ನಿಂತಂತಾಯಿತು. ಒಳಗೆ ಮಗ್ಗದ ಸದ್ದು, ಹೊರಗೆ ಗಂಜಿಯ ಪಾತ್ರೆ, ಕಿಟಕಿಯಿಂದ ದೊಡ್ಡವ್ವನ ದನಿ...

ಒಂಬತ್ತನೇ ತರಗತಿಯಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ತಾರೀಖು, ವಾರ, ತಿಥಿ, ಮಳೆ ಬಂತೋ ಇಲ್ಲವೋ, ಮನೆಗೆ ಯಾರು ಬಂದರು, ಎಲ್ಲಿಗೆ ಹೋದೆ... ಇಷ್ಟೇ. ಅದಕ್ಕಿಂತ ಹೆಚ್ಚಿಗೆ ಬರೆಯುವುದು ನನಗೆ ಒಗ್ಗದು. ಆ ದಿನ ‘ಗಂಜಿ ವಾಸನೆ. ದೊಡ್ಡವ್ವ.’ ಎಂದು ಬರೆದೆ. ಆಮೇಲೆ ಆ ಓಣಿಯಲ್ಲಿ ಗಂಜಿ ಹಚ್ಚಿದ ದಿನಗಳಲ್ಲೆಲ್ಲ ಎದೆಯಲ್ಲಿ ಏನೋ ಹಿಡಿದುಕೊಂಡಂತಾಗುತ್ತಿತ್ತು. ಆ ಎರಡು ಮಾತು ನನ್ನ ದಿನಚರಿಯಲ್ಲಿ ಹಲವು ಪುಟಗಳಲ್ಲಿವೆ.

ದೊಡ್ಡವ್ವ ನಮಗೆ ಸಂಬಂಧಿಯಲ್ಲ. ನಮ್ಮದು ಮಕ್ತಲ್ ಕಡೆಯ ಒಕ್ಕಲು ಮನೆತನ. ಅಪ್ಪನಿಗೆ ನಾರಾಯಣಪೇಟೆಯ ಮಾರ್ಕೆಟ್ ಯಾರ್ಡಿನಲ್ಲಿ ಕೆಲಸ ಸಿಕ್ಕಿದ್ದರಿಂದ ನೇಕಾರರ ಓಣಿಯಲ್ಲಿ ಮನೆ ಹಿಡಿದೆವು. ಎದುರುಮನೆಯಲ್ಲಿ ಅವಳು, ಅವಳ ಗಂಡ, ಎರಡು ಕುಣಿಮಗ್ಗ. ಅವ್ವನಿಗೆ ಅವಳು ಅಕ್ಕ ಆದಳು, ನನಗೆ ದೊಡ್ಡವ್ವ; ಅವಳ ಗಂಡ ದೊಡ್ಡಪ್ಪ. ಅವಳ ಒಬ್ಬಳೇ ಮಗಳನ್ನು ಗದ್ವಾಲಕ್ಕೆ ಕೊಟ್ಟಿದ್ದರು. ನಾನು ಯಾವಾಗಲೂ ಏನಾದರೂ ಬರೆದುಕೊಳ್ಳುತ್ತಿದ್ದುದನ್ನು ನೋಡಿ ಅವಳು ನನಗೆ ಊರ ಲೆಕ್ಕ ಬರೆಯುವ ಪಟವಾರಿ ಎಂದು ಹೆಸರಿಟ್ಟಿದ್ದಳು. ನಾನು ಹೊಸ್ತಿಲು ದಾಟುವಾಗಲೇ ಒಳಗಿನಿಂದ, ‘ಬಂದಳು ನಮ್ಮ ಪಟವಾರಿ, ಇನ್ನ ಎಷ್ಟು ರೊಟ್ಟಿ ತಿಂದ್ವಿ ಅಂತ ಬರಕೊಂತಾಳ’ ಎನ್ನುವುದು ಕೇಳುತ್ತಿತ್ತು.

ರೊಟ್ಟಿಯ ವಿಷಯದಲ್ಲಿ ಅವಳು ಓಣಿಗೇ ಹೆಸರಾಗಿದ್ದಳು. ಮಾಡುವುದರಲ್ಲಲ್ಲ, ತಿನ್ನುವುದರಲ್ಲಿ. ಬಿಸಿ ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಹಸಿ ಎಣ್ಣೆ. ಕೂತು ತಿನ್ನುವುದನ್ನು ನೋಡಿದರೆ ನಮಗೂ ಹಸಿವಾಗುತ್ತಿತ್ತು. ಅಂಥವಳಿಗೆ ಊಟ ಸೇರದಾಯಿತು. ಎರಡು ತುತ್ತಿಗೇ ಸಾಕೆನ್ನತೊಡಗಿದಳು. ತಪಾಸಣೆಯಾಗಿ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅವಳ ಕುಪ್ಪಸಗಳೆಲ್ಲ ಸಡಿಲವಾಗಿದ್ದವು. ಯುಗಾದಿ ಕಳೆದ ಮೇಲೆ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಜಠರವನ್ನು ಪೂರ್ತಿ ತೆಗೆದರು. ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಿದರು. ಆ ಮೇಲೆ ಮನುಷ್ಯ ಬದುಕುತ್ತಾನೆಂಬುದೇ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೋಡಲು ಬಂದವರು ಅವಳ ಮುಖ ನೋಡುವ ಮೊದಲು ಹೊಟ್ಟೆ ನೋಡುತ್ತಿದ್ದರು.

ಅವಳೇ ಅವರ ಸಂಕೋಚ ಕಳೆಯುತ್ತಿದ್ದಳು. ‘ಒಂದು ಫಾಯ್ದಾ ಆಯ್ತು ನೋಡ್ರಿ, ಇನ್ನ ಯಾರೂ ನನಗ ಹೊಟ್ಟಿಕಿಚ್ಚಿನಾಕಿ ಅನ್ನಂಗಿಲ್ಲ’ ಎಂದು ಮೊದಲು ತಾನೇ ನಕ್ಕುಬಿಡುತ್ತಿದ್ದಳು.

ಆದರೆ ಊಟದ ವಿಷಯದಲ್ಲಿ ಅವಳು ನಗಲಿಲ್ಲ. ಹೊಸದಾಗಿ ನೇಯ್ಗೆ ಕಲಿಯುವವರ ಹಾಗೆ ಊಟವನ್ನು ಮೊದಲಿನಿಂದ ಕಲಿತಳು. ಹಿಡಿಯಷ್ಟೇ ಹಿಡಿಯುವ ಆರು ಸ್ಟೀಲ್ ಬಟ್ಟಲು ತರಿಸಿ, ದಿನದ ಊಟವನ್ನು ಆರು ಭಾಗ ಮಾಡಿದಳು. ಊಟದ ಜೊತೆ ನೀರಿಲ್ಲ. ಆದ ಮೇಲೆ ತಡೆದು, ಗುಟುಕುಗುಟುಕಾಗಿ. ಬೆಲ್ಲ ಹೆಚ್ಚಾದರೆ ಕಣ್ಣಿಗೆ ಕತ್ತಲೆ ಬಂದು ಮೈ ಬೆವರುತ್ತದೆಂದು ಒಂದು ಹೋಳಿಗೆಯ ಚೂರಿನಿಂದಲೇ ತಿಳಿದುಕೊಂಡಳು. ಒಂದೊಂದು ತುತ್ತನ್ನೂ ಬಾಯಲ್ಲೇ ಹಿಟ್ಟಾಗುವಷ್ಟು ಅಗಿಯಬೇಕಿತ್ತು. ತಿಂಗಳಿಗೊಮ್ಮೆ ಜೀವಸತ್ವದ ಸೂಜಿ, ಅದು ಬದುಕಿರುವವರೆಗೂ. ನಾಲ್ಕು ರೊಟ್ಟಿ ತಿನ್ನುತ್ತಿದ್ದವಳು ಅಂಗೈಯಷ್ಟು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ಕಂಡು ಅವ್ವ ಮುಖ ತಿರುಗಿಸಿಕೊಳ್ಳುತ್ತಿದ್ದಳು. ದೊಡ್ಡವ್ವ ಮಾತ್ರ ಅದನ್ನೂ ಮೊದಲಿನಷ್ಟೇ ಪ್ರೀತಿಯಿಂದ ತಿನ್ನುತ್ತಿದ್ದಳು. ಶೇಂಗಾ ಚಟ್ನಿಯನ್ನು ಬೆರಳ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದುದು ನನಗೆ ಈಗಲೂ ಕಾಣುತ್ತದೆ...

ಉಂಡ ಕೂಡಲೇ ಮಲಗಬಾರದು, ನೆಟ್ಟಗೆ ಕೂತಿರಬೇಕು ಎಂದು ಡಾಕ್ಟರು ಹೇಳಿದ್ದರು. ನೆಟ್ಟಗೆ ಕೂರಲು ಮಗ್ಗಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ಅವಳ ವಾದ. ಗಾಯ ಪೂರ್ತಿ ಮಾಯ್ದ ಮೇಲೆ ಬಟ್ಟಲು ಖಾಲಿ ಮಾಡಿ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವುದು ರೂಢಿಯಾಯಿತು. ಮೊದಮೊದಲು ನಾಲ್ಕು ಬೆರಳು ನೇಯ್ದರೆ ಹೆಚ್ಚು. ಮುಂದಿನ ವರ್ಷದ ಶ್ರಾವಣದ ಹೊತ್ತಿಗೆ ಒಂದು ಸೀರೆ ಮಗ್ಗದಿಂದ ಇಳಿಯಿತು. ಆ ಸೀರೆಯನ್ನು ಓಣಿಯ ಹೆಂಗಸರೆಲ್ಲ ಮಡಿಲಲ್ಲಿಟ್ಟುಕೊಂಡು ನೋಡಿದರು.

ಆ ಶ್ರಾವಣದಲ್ಲೇ ಭುಜದ ನೋವು ಶುರುವಾದದ್ದು.

ಬಲಭುಜ. ಕೆಲವೊಮ್ಮೆ ಬೆನ್ನಿಗೆ ಇಳಿಯುತ್ತಿತ್ತು. ಬಲಗಡೆ ಪಕ್ಕೆಯ ಕೆಳಗೂ ಹಿಡಿದಂತಾಗುತ್ತದೆ ಎಂದು ಒಂದೆರಡು ಸಲ ಹೇಳಿದಳು. ನೇಕಾರರ ಓಣಿಯಲ್ಲಿ ಬಲಭುಜ ನೋಯುವುದು ದೊಡ್ಡ ಸುದ್ದಿಯಲ್ಲ. ಅಡ್ಡನೂಲು ಹಾಯಿಸುವ ಲಾಳಿಯ ಹಗ್ಗವನ್ನು ದಿನವಿಡೀ ಎಳೆಯುವುದು ಬಲಗೈಯೇ. ಅಲ್ಲಿ ನಡುವಯಸ್ಸು ದಾಟಿದವರಲ್ಲಿ ಬಲಭುಜ ಹಿಡಿದುಕೊಳ್ಳದವರು ಯಾರೂ ಇಲ್ಲ. ಬಹಳ ದಿನ ಬಿಟ್ಟು ಮಗ್ಗಕ್ಕೆ ಕೂತಿದ್ದಾಳೆ, ಹಿಡಿದಿದೆ ಎಂದರು ಎಲ್ಲರೂ. ನೋವು ಬರುತ್ತಿದ್ದುದೂ ಮಗ್ಗದ ಮೇಲೆ ಕೂತಾಗಲೇ. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನನ್ನ ದಿನಚರಿಯಲ್ಲೂ ಹಾಗೇ ಇದೆ: ‘ದೊಡ್ಡವ್ವಗೆ ಮಗ್ಗದ ಭುಜ.’

ಭುಜಕ್ಕೆ ಔಷಧ ಹುಡುಕುವುದಕ್ಕಿಂತ ಹೆಚ್ಚಾಗಿ ಮಗ್ಗಕ್ಕೇ ಚಿಕಿತ್ಸೆ ನಡೆಯಿತು. ದೊಡ್ಡಪ್ಪ ಲಾಳಿಯ ಹಗ್ಗವನ್ನು ಉದ್ದ ಮಾಡಿದ. ಅದರಿಂದ ಗುಣ ಕಾಣಲಿಲ್ಲವೆಂದು ಗಿಡ್ಡ ಮಾಡಿದ. ಬಡಗಿಯನ್ನು ಕರೆಸಿ ಕೂರುವ ಹಲಗೆಯನ್ನು ಎತ್ತರಿಸಿದ. ಹಗುರವಾದ ಲಾಳಿ ತಂದ. ಓಣಿಯ ಹಿರಿಯರು ಒಬ್ಬೊಬ್ಬರಾಗಿ ಬಂದು ಮಗ್ಗದ ಸುತ್ತ ನಿಂತು ತಲೆಯಾಡಿಸಿ, ಒಂದೊಂದು ಸಲಹೆ ಕೊಟ್ಟು ಚಹಾ ಕುಡಿದು ಹೋದರು. ಸಂಜೆಗೆ ಅವ್ವ ಹರಳೆಣ್ಣೆ ಬಿಸಿ ಮಾಡಿ ಭುಜ ತಿಕ್ಕುತ್ತಿದ್ದಳು. ‘ಎಣ್ಣಿ ತಿನ್ನಾಕ ಬಿಡವಲ್ರು, ಮೈಗೆ ಹಚ್ಚಾಕರೆ ಬಿಟ್ಟೀರಲ್ಲ’ ಎಂದು ದೊಡ್ಡವ್ವ ಹೇಳುತ್ತಿದ್ದಳು.

ಈಗ ಯೋಚಿಸಿದರೆ ಒಂದು ಮಾತು ಹೊಳೆಯುತ್ತದೆ. ನಾವೆಲ್ಲ ಮಗ್ಗವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ತಿಳಿಯದೆ ಅಲ್ಲ. ಬೇರೆ ಕಾರಣ ಬೇಡವಾಗಿತ್ತು. ಅವಳ ತೂಕ ಮತ್ತೆ ಇಳಿಯುತ್ತಿತ್ತು. ಆರು ಬಟ್ಟಲಲ್ಲಿ ಒಂದೆರಡು ಶೆಲ್ಫಿನಲ್ಲಿ ಹಾಗೇ ಕೂತಿರುತ್ತಿದ್ದವು, ಅವು ಬಳಕೆಯೇ ಆಗಿರುತ್ತಿರಲಿಲ್ಲ. ಗದ್ವಾಲದಿಂದ ಬಂದ ಮಗಳು ಅಡಿಗೆಮನೆಯಲ್ಲಿ ನನ್ನ ಅವ್ವನ ಮುಂದೆ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೆ. ತೆಗೆಸಿದ ರೋಗ ಮರಳಿ ಬಂದಿತೇ... ಈ ಪ್ರಶ್ನೆ ಎಲ್ಲರ ಬಾಯಿಯ ತನಕ ಬಂದು ನಿಲ್ಲುತ್ತಿತ್ತು. ಭುಜವೆಂದರೆ ಮಗ್ಗ, ಮಗ್ಗವೆಂದರೆ ಭಯವಿಲ್ಲ. ಹೈದರಾಬಾದಿಗೆ ತೋರಿಸಲು ಹೋಗುವ ತಾರೀಖು ಹತ್ತಿರ ಬಂದಾಗ, ಕೈಯಲ್ಲಿರುವ ಸೀರೆ ಮುಗಿಯಲಿ ಎಂದು ಅವಳೇ ಮುಂದೂಡಿದಳು. ಯಾರೂ ಒತ್ತಾಯ ಮಾಡಲಿಲ್ಲ.

ಆ ಸಲದ ಎಳ್ಳಮಾಸಿಗೆ ಮಕ್ತಲ್ ಹತ್ತಿರದ ನಮ್ಮ ಹೊಲಕ್ಕೆ ಅವರನ್ನೂ ಕರೆದುಕೊಂಡು ಹೋದೆವು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ನಮ್ಮ ಓಣಿ ತಿಂಗಳಿಗೆ ಆ ಒಂದು ದಿನ ಸದ್ದಿಲ್ಲದೆ ಇರುತ್ತಿತ್ತು. ಹೊಲದಲ್ಲಿ ಪೂಜೆಯಾಯಿತು, ಹೊಲ ನೋಡಿಕೊಳ್ಳುವ ಚಿಕ್ಕಪ್ಪ ಭೂಮಿಗೆ ನೈವೇದ್ಯವಾಗಿ ಬೆಳೆಯ ನಡುವೆ ಚರಗ ಚೆಲ್ಲಿ ಬಂದ. ಬೇವಿನ ಗಿಡದ ಕೆಳಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ತುಪ್ಪ ಎಲ್ಲ ಬಿಚ್ಚಿ ಕೂತೆವು. ದೊಡ್ಡವ್ವ ತನ್ನ ಬಟ್ಟಲು ತಂದಿದ್ದಳು. ಬಹಳ ದಿನದ ಮೇಲೆ ಅಂದು ಎಣ್ಣೆಗಾಯಿಯ ಒಂದು ಹೋಳು, ತುಪ್ಪದಲ್ಲಿ ನೆನೆದ ರೊಟ್ಟಿ ಹಾಕಿಸಿಕೊಂಡಳು. ನಿಧಾನವಾಗಿ, ಚೆನ್ನಾಗಿ ತಿಂದಳು. ಅವಳು ತಿನ್ನುವುದನ್ನು ನೋಡಿ ದೊಡ್ಡಪ್ಪ ಒಂದು ರೊಟ್ಟಿ ಹೆಚ್ಚಿಗೆ ತಿಂದ.

ಎಲೆ ಎತ್ತಿ ಸ್ವಲ್ಪ ಹೊತ್ತಾಗಿತ್ತು. ಅವಳು ಗಿಡಕ್ಕೆ ಒರಗಿದಳು. ಹಣೆಯಲ್ಲಿ ಬೆವರು. ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದಳು. ಒಮ್ಮೆ ವಾಂತಿಯೂ ಆಯಿತು. ಭುಜವೇ ಎಂದು ಅವ್ವ ಕೇಳಿದರೆ ಹೂಂ ಎಂದು ತಲೆಯಾಡಿಸಿದಳು. ಮತ್ತೆ ಮಗ್ಗದ ಸುದ್ದಿ ಎದ್ದಿತು. ನಿನ್ನೆ ಸಂಜೆಯವರೆಗೂ ನೇಯ್ದಿದ್ದಾಳೆ, ಮಾತು ಕೇಳುವುದಿಲ್ಲ ಎಂದು ದೊಡ್ಡಪ್ಪ ಗೊಣಗಿದ. ಅವ್ವ ಭುಜ ತಿಕ್ಕಲು ಕೈ ಹಾಕಿದಳು. ದೊಡ್ಡವ್ವ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

‘ತಿಕ್ಕಬ್ಯಾಡ ತಂಗಿ. ಇವತ್ತು ಅಮಾಸಿ. ಮಗ್ಗ ಮುಟ್ಟಿಲ್ಲ ನಾ.’

ಯಾರಿಗೂ ಏನೂ ಹೊಳೆಯಲಿಲ್ಲ. ಅವಳು ಉಸಿರು ಹಿಡಿದು ಹಿಡಿದು ಮಾತಾಡಿದಳು.

‘ಹಿಂದಿನ ಅಮಾಸಿಗೂ ಹಿಂಗ ಬಂದಿತ್ತು. ಮನ್ಯಾಗ ಕುಂತಿದ್ದೆ, ಉಂಡಿದ್ದೆ, ಅಷ್ಟ. ಆವತ್ತ ಗೊತ್ತಾತು ನನಗ. ಹೇಳಾಕ ಬಾಯಿ ಬರಲಿಲ್ಲ. ಇಷ್ಟು ದಿನ ಮಗ್ಗದ ಮ್ಯಾಲ ಹಾಕಿದ್ವಿ, ಪಾಪ ಅದೇನು ಮಾಡೇತಿ. ಇದು ಉಂಡದ್ದರ ನೋವು. ಯಾವುದರದು ಅಂತ ಕೇಳೂಣು ನಡೀರಿ. ಏನೈತೋ ಅದು ಇರಲಿ.’

ಏನೈತೋ ಅದು ಇರಲಿ. ಆ ಮಾತನ್ನು ಅವಳು ಜೋರಾಗಿ ಹೇಳಲಿಲ್ಲ. ಆದರೆ ತಿಂಗಳುಗಟ್ಟಲೆ ನಾವೆಲ್ಲ ಸುತ್ತಿ ಬಳಸಿ ನಡೆದಿದ್ದ ಜಾಗಕ್ಕೆ ಅವಳು ಒಬ್ಬಳೇ, ನೋವಿನಲ್ಲೇ, ನೇರವಾಗಿ ಹೋಗಿ ನಿಂತಿದ್ದಳು. ದೊಡ್ಡಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

ಚಿಕ್ಕಪ್ಪನ ಆಟೋದಲ್ಲಿ ಮಕ್ತಲ್‌ಗೆ ಬಂದೆವು. ಅಲ್ಲಿನ ಡಾಕ್ಟರು ತೆಲುಗಿನಲ್ಲಿ ಎಲ್ಲ ಕೇಳಿಕೊಂಡರು: ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ತಿಂದಾಗ ಹೆಚ್ಚು. ಬಲಪಕ್ಕೆಯ ಕೆಳಗೆ ಬೆರಳೊತ್ತಿ ಉಸಿರು ಎಳೆದುಕೊಳ್ಳಿ ಎಂದರು. ಎಳೆದುಕೊಳ್ಳುವಾಗ ನಡುವೆಯೇ ಅವಳ ಉಸಿರು ಸಿಕ್ಕಿಕೊಂಡಿತು. ನೋವಿಗೆ ಸೂಜಿ ಕೊಟ್ಟು, ತಡಮಾಡದೆ ರಾಯಚೂರಿನಲ್ಲಿ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು. ಮರುದಿನ ಬೆಳಗಿನ ಬಸ್ಸಿಗೆ ಹೊರಟೆವು. ಕೃಷ್ಣಾ ಸೇತುವೆ ದಾಟುವಾಗ ಅವಳು ಕಿಟಕಿಯಿಂದ ಹೊಳೆಗೆ ಕೈ ಮುಗಿದಳು. ಮಗಳು ಗದ್ವಾಲದಿಂದ ನೇರ ಅಲ್ಲಿಗೇ ಬಂದಿದ್ದಳು.

ಸ್ಕ್ಯಾನ್ ಕೋಣೆಯ ಒಳಗೆ ಒಬ್ಬರಿಗಿಂತ ಹೆಚ್ಚಿಗೆ ಬಿಡುವುದಿಲ್ಲ ಎಂದರೂ ದೊಡ್ಡವ್ವ ನನ್ನನ್ನೂ ಕರೆದಳು. ‘ಪಟವಾರಿ ಬರಲಿ, ಆಕಿ ಬರಕೊಂಡ್ರ ಆಮ್ಯಾಲ ಯಾರೂ ಸುಳ್ಳು ಹೇಳಾಕ ಆಗಂಗಿಲ್ಲ’ ಎಂದಳು. ಮಗಳು ಡಾಕ್ಟರ ಪಕ್ಕಕ್ಕೆ ಹೋಗಿ ತಗ್ಗಿದ ದನಿಯಲ್ಲಿ ಏನೋ ಕೇಳಿಕೊಂಡಳು. ಏನಾದರೂ ಇದ್ದರೆ ಅವ್ವನ ಮುಂದೆ ಹೇಳಬೇಡಿ, ಹೊರಗೆ ನನಗೆ ಹೇಳಿ ಎಂದಿರಬೇಕು. ಮಲಗಿದ್ದಲ್ಲಿಂದಲೇ ದೊಡ್ಡವ್ವ ತಲೆ ತಿರುಗಿಸಿದಳು.

‘ನನ್ನ ಮುಂದ ಹೇಳ್ರಿ ಸಾಹೇಬ್ರ. ಅದನ್ನ ಇಟಗೊಂಡು ಬಾಳೇವು ಮಾಡಾಕಿ ನಾನು, ಆಕಿ ಅಲ್ಲ.’

ಚಿಕ್ಕ ವಯಸ್ಸಿನ ಡಾಕ್ಟರು. ಹೂಂ ಎಂದು, ಬಹಳ ಹೊತ್ತು ಸ್ಕ್ಯಾನಿನ ಉಪಕರಣವನ್ನು ಅವಳ ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಸರಿಸುತ್ತ ನೋಡಿದರು. ಆ ಹೊತ್ತು ಎಷ್ಟಿತ್ತೆಂದು ನಾನು ಬರೆದುಕೊಂಡಿಲ್ಲ. ಗಡಿಯಾರ ನೋಡಲು ಮರೆತಿದ್ದೆ. ಆಮೇಲೆ ಅವರು ಪರದೆಯನ್ನು ಅವಳ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಕಪ್ಪಿನ ನಡುವೆ ಬಿಳಿ ಚುಕ್ಕೆಗಳು.

‘ಇವು ಕಲ್ಲು ಅವ್ವಾ. ಪಿತ್ತಕೋಶದಾಗ ಆಗ್ಯಾವ. ಬ್ಯಾರೆ ಎಲ್ಲೂ ಏನೂ ಕಾಣವಲ್ದು.’

‘ಬರೇ ಕಲ್ಲು?’

‘ಬರೇ ಕಲ್ಲು.’

ಅವಳು ಎದ್ದು ಸೆರಗು ಸರಿಮಾಡಿಕೊಂಡು, ಡಾಕ್ಟರಿಗೆ ಕೈ ಮುಗಿದು ಹೊರಗೆ ಬಂದಳು. ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪನಿಗೆ ತಾನೇ ಸುದ್ದಿ ಹೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಕಪ್ ಚಹಾ ಬೇಕೆಂದಳು. ಎರಡು ಗುಟುಕು ಕುಡಿದು ಕಪ್ಪನ್ನು ನನ್ನ ಕೈಗೆ ಕೊಟ್ಟಳು. ಆಗ ಅತ್ತಳು. ಶಸ್ತ್ರಚಿಕಿತ್ಸೆಯ ಹೊತ್ತಿಗೂ ಅಳದಿದ್ದವಳು ಬಸ್ಸುಗಳ ಹೊಗೆಯ ನಡುವೆ, ಶೇಂಗಾ ಮಾರುವವರ ಕೂಗಿನ ನಡುವೆ, ಸೆರಗು ಬಾಯಿಗೆ ಹಿಡಿದು ಅತ್ತಳು. ನಾವು ಯಾರೂ ತಡೆಯಲಿಲ್ಲ...

ಹೈದರಾಬಾದಿನಲ್ಲಿ ಮೊದಲು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರೇ ಎಲ್ಲವನ್ನೂ ವಿವರಿಸಿದರಂತೆ. ಜಠರ ತೆಗೆದವರಲ್ಲಿ ಹೀಗಾಗುವುದುಂಟು. ಜಠರದ ಜೊತೆ ಪಿತ್ತಕೋಶಕ್ಕೆ ಹೋಗುವ ನರವೂ ಕತ್ತರಿಸಿಹೋಗುತ್ತದೆ. ಆಹಾರ ಸಾಗುವ ಹಾದಿಯೂ ಬದಲಾಗಿರುತ್ತದೆ. ಪಿತ್ತಕೋಶ ಮೊದಲಿನ ಹಾಗೆ ಹಿಂಡಿಕೊಂಡು ಖಾಲಿಯಾಗುವುದಿಲ್ಲ. ಒಳಗೆ ಪಿತ್ತ ನಿಂತುಬಿಡುತ್ತದೆ. ಮೈ ಬೇಗ ಇಳಿದರೆ ಇನ್ನೂ ಹೆಚ್ಚು. ನಿಂತ ಪಿತ್ತ ಹರಳುಗಟ್ಟುತ್ತದೆ. ಬಹಳ ಮಂದಿಗೆ ಕಲ್ಲಿದ್ದರೂ ನೋವೇ ಇರುವುದಿಲ್ಲ, ನೋವು ಕೊಟ್ಟರೆ ತೆಗೆಯಬೇಕು. ಪಿತ್ತಕೋಶದ ನೋವು ಬಲಭುಜದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಹಾಗಾದರೆ ಮೊದಲ ಸಲವೇ ಅದನ್ನೂ ಯಾಕೆ ತೆಗೆಯಲಿಲ್ಲ ಎಂದು ಮಗಳು ಕೇಳಿದಳಂತೆ. ಆಗ ಅದು ಚೆನ್ನಾಗಿತ್ತು, ಚೆನ್ನಾಗಿರುವುದನ್ನು ಎಲ್ಲರಿಗೂ ತೆಗೆಯುವುದಿಲ್ಲ ಎಂದು ಅವರು ಬೇಸರವಿಲ್ಲದೆ ಹೇಳಿದರಂತೆ.

ಇದನ್ನೆಲ್ಲ ಊರಿಗೆ ಬಂದು ದೊಡ್ಡವ್ವ ಓಣಿಯವರಿಗೆ ಹೇಳಿದ ರೀತಿಯೇ ಬೇರೆ. ಕಟ್ಟೆಯ ಮೇಲೆ ಕೂತು ಗಂಜಿಯ ಪಾತ್ರೆ ತೋರಿಸಿದಳು. ‘ಗಂಜಿ ಕಾಸಿ, ತಿರುವದ ಹಂಗ ಬಿಟ್ರ ಏನಾಗತೈತಿ? ತಳದಾಗ ಗಂಟು. ನನ್ನ ಒಳಗ ತಿರುವಾಕಿ ಹೋಗಿಬಿಟ್ಟಾಳ, ಅಷ್ಟ’ ಎಂದಳು. ಪಿತ್ತಕೋಶ ಎಂದರೆ ಎಲ್ಲಿ ಎಂದು ಅರಿಯದವರಿಗೂ ಅದು ತಿಳಿಯಿತು.

ಹಳೆಯ ಗಾಯದಿಂದ ಒಳಗೆಲ್ಲ ಅಂಟಿಕೊಂಡಿರಬಹುದು, ಸಣ್ಣ ತೂತಿನಿಂದ ಆಗದಿದ್ದರೆ ಮತ್ತೆ ಹೊಟ್ಟೆ ಕೊಯ್ಯಬೇಕಾದೀತು ಎಂದು ಮೊದಲೇ ಹೇಳಿದ್ದರು. ಅವಳು ಒಪ್ಪಿ ಹೋದಳು. ಹೆಚ್ಚು ಹೊತ್ತು ಹಿಡಿದರೂ ಸಣ್ಣ ತೂತಿನಿಂದಲೇ ಆಯಿತು. ತೆಗೆದ ಕಲ್ಲುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಕಡಲೆಬೇಳೆಗಿಂತ ಚಿಕ್ಕವು, ಕಂದುಬಣ್ಣದವು. ಅವಳು ಆ ಡಬ್ಬಿಯನ್ನು ಮಗ್ಗದ ಪಕ್ಕದ ಗೂಡಿನಲ್ಲಿ, ಲಾಳಿಗಳ ಜೊತೆ ಇಟ್ಟಳು.

ಆ ಡಬ್ಬಿಯಿಂದ ಓಣಿಯಲ್ಲಿ ಒಂದು ಹೊಸ ರೂಢಿ ಹುಟ್ಟಿತು. ಯಾರಾದರೂ ಹೆಂಗಸು ಸೊಂಟ, ಎದೆ, ಹೊಟ್ಟೆ ಎಂದು ನೋವು ಹೇಳಿ, ಕೂಡಲೇ ಏನಿಲ್ಲ ಬಿಡು ಮಗ್ಗದ್ದು ಎಂದರೆ, ದೊಡ್ಡವ್ವ ಡಬ್ಬಿ ತಂದು ಗಲಗಲ ಅನ್ನಿಸಿ ಕೇಳುತ್ತಿದ್ದಳು: ‘ಅಮಾಸಿಗೂ ಬರತೈತೇನು?’ ಬರುವುದಿಲ್ಲ ಎಂದರೆ, ಗಂಡನಿಗೆ ಹೇಳಿ ಹಲಗೆ ಸರಿಮಾಡಿಸಿಕೊ, ನಾಲ್ಕು ದಿನ ಅವನೇ ರೊಟ್ಟಿ ಬಡಿಯಲಿ ಎನ್ನುವಳು. ಬರುತ್ತದೆ ಎಂದರೆ ನಗು ನಿಲ್ಲುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ತಾನೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದಳು. ಹಾಗೆ ಹೋದವರಲ್ಲಿ ನನ್ನ ಅವ್ವನೂ ಒಬ್ಬಳು. ಬಚ್ಚಿಟ್ಟ ನೋವು ಎಷ್ಟು ಕಷ್ಟವೆಂದು ತಿಳಿದಿದ್ದವಳು ಅದನ್ನು ಬೇರೆಯವರಿಗೆ ಬಚ್ಚಿಡಲು ಬಿಡಲಿಲ್ಲ. ಓದಿನಲ್ಲಿ, ಕೆಲಸದಲ್ಲಿ ನಾನು ಆಮೇಲೆ ಅನೇಕ ಧೈರ್ಯವಂತರನ್ನು ಕಂಡೆ. ತನ್ನ ಭಯವನ್ನು ಡಬ್ಬಿಯಲ್ಲಿ ಹಾಕಿ ಗಲಗಲ ಅನ್ನಿಸಿ ನಾಲ್ಕು ಜನಕ್ಕೆ ಉಪಯೋಗವಾಗುವಂತೆ ಮಾಡಿದವರನ್ನು ಮತ್ತೆ ಕಾಣಲಿಲ್ಲ.

ಅವಳು ಆ ಮೇಲೆಯೂ ವರ್ಷಗಳ ಕಾಲ ನೇಯ್ದಳು. ಆರು ಬಟ್ಟಲೂ ಮತ್ತೆ ಬಳಕೆಗೆ ಬಂದವು. ರೋಗ ಮರಳಲಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಉಂಡು ಮಗ್ಗಕ್ಕೆ ಹೋಗುವ ಮೊದಲು ಗೋಡೆಗೊರಗಿ ಕೂತವಳು ಹಾಗೇ ಹೋಗಿಬಿಟ್ಟಳು. ಹೃದಯ ಎಂದರು. ನಾನು ಗದ್ವಾಲದಿಂದ ಮುಟ್ಟುವಷ್ಟರಲ್ಲಿ ಅಂಗಳದ ತುಂಬ ಜನ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ಅದನ್ನು ದೊಡ್ಡಪ್ಪ ಮುಗಿಸಿದನೆಂದು ಆಮೇಲೆ ಕೇಳಿದೆ. ಗೂಡಿನಲ್ಲಿದ್ದ ಡಬ್ಬಿ ಏನಾಯಿತೋ ಕೇಳಲಿಲ್ಲ...

ನಿನ್ನೆ ಅಮಾವಾಸ್ಯೆ. ಇಲ್ಲಿನ ನೇಕಾರರ ಓಣಿಯಲ್ಲೂ ಸದ್ದಿರಲಿಲ್ಲ. ಹಾಸು ಕಟ್ಟಿರಲಿಲ್ಲ, ಗಂಜಿ ಕಾಸಿರಲಿಲ್ಲ. ಬಾಗಿಲುಗಳಲ್ಲಿ ಜನ ಸುಮ್ಮನೆ ಕೂತಿದ್ದರು. ಯಾರದೋ ಮನೆಯಿಂದ ಹೊಸ ಒಗ್ಗರಣೆಯ ವಾಸನೆ ಬಂತು, ಅಷ್ಟೇ. ಕಚೇರಿಗೆ ತಡವಾಗಿತ್ತೆಂದು ಬಿರಬಿರನೆ ನಡೆಯುತ್ತಿದ್ದೆ. ಓಣಿಯ ಆ ತುದಿ ಮುಟ್ಟುವ ಮೊದಲೇ ಎದೆಯಲ್ಲಿ ಅದೇ ಹಿಡಿತ ಬಂತು. ಗೋಡೆಗೆ ಕೈ ಹಚ್ಚಿ ನಿಂತೆ. ‘ಅಮಾಸಿಗೂ ಬರತೈತೇನು?’ ಎಂದು ದೊಡ್ಡವ್ವ ಕೇಳಿದಂತಾಯಿತು.

ಸಂಜೆ ಕೋಣೆಗೆ ಬಂದು ದಿನಚರಿ ತೆಗೆದು ತಾರೀಖು, ವಾರ, ತಿಥಿ ಬರೆದೆ. ಆಮೇಲೆ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿ, ‘ಗಂಜಿ ವಾಸನೆ’ ಎಂದು ಇದ್ದಲ್ಲೆಲ್ಲ ಆ ಮಾತಿನ ಮೇಲೆ ಗೆರೆ ಎಳೆದೆ. ಅದರ ಮುಂದಿನ ‘ದೊಡ್ಡವ್ವ’ ಎಂಬುದನ್ನು ಹಾಗೇ ಬಿಟ್ಟೆ.